ಬಲಗಡೆಯಿಂದ ಮೂರನೆಯವರು ಯಾರು?

ದೊಡ್ಡಪ್ಪ: (ಫೋಟೋ) ಎಲ್ಲರೂ ನೋಡಿ. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಶನ್ ಆರ್ಕೈವ್ಸ್‌ನ ವೆಬ್‌ಸೈಟ್‌ನಲ್ಲಿ ಸಿಕ್ಕಿತು. ಮಂಗಳೂರಿನ ನೇಯ್ಗೆ ಕಾರ್ಖಾನೆ. ಬಲಗಡೆಯಿಂದ ಮೂರನೆಯವರು ನಮ್ಮ ಅಪ್ಪನ ಅಪ್ಪ, ಮಕ್ಕಳಿಗೆ ಪಿಜ್ಜ. ಆ ಕಿವಿ ನೋಡಿ, ನನ್ನದೇ! ಕುಟುಂಬದ ಪುಸ್ತಕಕ್ಕೆ ಇದೇ ಮುಖಪುಟ.

ಮುಂಬೈ ಚಿಕ್ಕಪ್ಪ: ಮೈ ಜುಮ್ಮೆಂದಿತು ಅಣ್ಣ. ಹೆಸರು ಹಾಕಿ ಫ್ಯಾಮಿಲಿ ಟ್ರೀಗೂ ಸೇರಿಸುತ್ತೇನೆ.

ನಾನು: ದೊಡ್ಡಪ್ಪ, ಫೋಟೋ ತುಂಬಾ ಚೆನ್ನಾಗಿದೆ. ಆದರೆ ಹೆಸರು ಈಗಲೇ ಬೇಡ. ಫೋಟೋದ ಕೆಳಗೆ ಏನು ಬರೆದಿದೆ?

ದೊಡ್ಡಪ್ಪ: ಜರ್ಮನ್‌ನಲ್ಲಿದೆ. ಅನುವಾದ ಮಾಡಿಸಿದೆ. ‘ಮಂಗಳೂರಿನ ನೇಕಾರರು’, ಅಷ್ಟೇ.

ನಾನು: ಅದೇ ನೋಡಿ ಸಂಕಟ. ಪಾದ್ರಿಗಳ ಹೆಸರು ಹೇಗೋ ಸಿಗುತ್ತದೆ, ಕೂಲಿ ಮಾಡಿದವರದ್ದು ಅಪರೂಪ. ಹಾಗಂತ ಅಂದಾಜಿನಲ್ಲಿ ತುಂಬಬಾರದು. ಅವರು ಬೇರೆ ಯಾರದೋ ಪಿಜ್ಜ ಆಗಿದ್ದರೆ? ಆ ಮನೆಯವರು ಹುಡುಕಿಕೊಂಡು ಬಂದಾಗ ನಮ್ಮ ಹೆಸರು ಕಾಣುತ್ತದೆ. ಅವರ ಪಾಲಿಗೆ ಉಳಿದಿದ್ದ ಒಂದೇ ಒಂದು ಫೋಟೋವನ್ನೂ ನಾವು ಕಿತ್ತುಕೊಂಡ ಹಾಗೆ.

ಅತ್ತೆ: ನೇಕಾರರಾ? ಅಜ್ಜ ಮಗ್ಗ ಮುಟ್ಟಿದವರೇ ಅಲ್ಲ. ಜೆಪ್ಪು ಹಂಚಿನ ಕಾರ್ಖಾನೆಯಲ್ಲಿದ್ದರು. ನೇತ್ರಾವತಿಯಲ್ಲಿ ದೋಣಿ ಮೇಲೆ ಬಂದ ಆವೆಮಣ್ಣು ಇಳಿಸುವ ಕೆಲಸ. ಉಗುರಿನ ಸಂದಿಯ ಮಣ್ಣು ಹೋಗುತ್ತಲೇ ಇರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು.

ದೊಡ್ಡಪ್ಪ: ನಿನಗೆ ಆಗ ಆರು ವರ್ಷ. ‘ಮಿಶನ್ ಕಾರ್ಖಾನೆ’ ಅಂದದ್ದು ನನಗೆ ಸರಿಯಾಗಿ ನೆನಪಿದೆ.

ಅತ್ತೆ: ಮಿಶನ್‌ನವರದ್ದು ಎರಡೂ ಇತ್ತಲ್ಲ ಅಣ್ಣ! ಆಮೇಲಾಮೇಲೆ ‘ಕಾಮನ್‌ವೆಲ್ತ್‌ನಲ್ಲಿ ಕೆಲಸ’ ಅಂತಲೂ ಹೇಳುತ್ತಿದ್ದರಂತೆ.

ನಾನು: ಅತ್ತೆ, ಇದನ್ನು ಒಂದು ಕಡೆ ಬರೆದಿಡಿ, ದಯವಿಟ್ಟು! ಮೊದಲ ಮಹಾಯುದ್ಧದ ಸಮಯದಲ್ಲಿ ಕಾರ್ಖಾನೆಗಳು ಮಿಶನ್ ಕೈ ತಪ್ಪಿದವು. ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್‌ಗೆ ಹೋದವು. ಅಂದರೆ ಯುದ್ಧ ಮುಗಿದ ಮೇಲೂ ಪಿಜ್ಜ ಕೆಲಸದಲ್ಲಿದ್ದರು.

ದೊಡ್ಡಪ್ಪ: ಸರಿ, ಹಂಚಿನದ್ದೇ ಇರಲಿ. ಹಳೇ ಮನೆಯ ಹಂಚಿನ ಮೇಲೆ 1865 ಅಂತ ಅಚ್ಚಿದೆಯಲ್ಲ. ಆಗಲೇ ಕೆಲಸಕ್ಕೆ ಸೇರಿದ್ದರು ಅಂತಾಯಿತು.

ನಾನು: ಅದು ಕಾರ್ಖಾನೆ ಶುರುವಾದ ವರ್ಷ ದೊಡ್ಡಪ್ಪ. ಮಿಶನ್‌ನ ಪ್ಲೆಬ್ಸ್ಟ್ ಅದನ್ನು ಕಟ್ಟಿದ್ದು 1865ರಲ್ಲಿ. ಆಮೇಲೂ ಅದೇ ಇಸವಿ ಒತ್ತುತ್ತಿದ್ದರು. ನಿಮ್ಮ ಅಪ್ಪ ಹುಟ್ಟಿದ್ದು 1908. ಪಿಜ್ಜ 1865ಕ್ಕೇ ಸೇರಿದ್ದರೆ ಮಗ ಹುಟ್ಟುವಾಗ ಅರವತ್ತರ ಹತ್ತಿರ ಆಗಿರಬೇಕು.

ಚಿಕ್ಕಪ್ಪ: ಸುಮ್ನೆ ಖುಷಿ ಹಾಳು ಮಾಡಬೇಡಮ್ಮ. ಮುಖ ಹೋಲುತ್ತದೆ ಅಲ್ವಾ? ಯಾರು ಬಂದು ಕೇಳುತ್ತಾರೆ?

ನಾನು: ನಾವೇ ಕೇಳಬೇಕು ಚಿಕ್ಕಪ್ಪ. ಹೋದ ವರ್ಷ ಯಾರದೋ ಟ್ರೀಯಲ್ಲಿ ಅಜ್ಜಿಯ ಹೆಸರಿನ ಕೆಳಗೆ ಬೇರೆ ಹೆಂಗಸಿನ ಫೋಟೋ ನೋಡಿ ಅಮ್ಮ ಅತ್ತುಬಿಟ್ಟರು. ಅಷ್ಟರಲ್ಲಿ ನಾಲ್ಕು ಜನ ಅದನ್ನೇ ನಕಲು ಮಾಡಿಕೊಂಡಿದ್ದರು. ಇವತ್ತಿಗೂ ಪೂರ್ತಿ ತೆಗೆಸಲು ಆಗಿಲ್ಲ.

ಬೆಂಗಳೂರು ತಂಗಿ: ಹಾಗಾದ್ರೆ ಈಗ ಏನು ಮಾಡೋಣ ಅಕ್ಕ?

ನಾನು: ಮೊದಲು ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್, ಮದುವೆ ರಿಜಿಸ್ಟರ್ ನೋಡೋಣ. ಬಲ್ಮಠದಲ್ಲಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಆರ್ಕೈವ್ಸ್ ಇದೆ, ಅಲ್ಲಿಗೂ ಹೋಗಬಹುದು. ವೆಬ್‌ಸೈಟ್‌ನಲ್ಲಿ ದೊಡ್ಡಪ್ಪ ನೇಯ್ಗೆ ಅಂತ ಮಾತ್ರ ಹುಡುಕಿದ್ದಾರೆ. ಹಂಚಿನ ಕಾರ್ಖಾನೆಗೆ ಜರ್ಮನ್‌ನಲ್ಲಿ ‘ತ್ಸೀಗೆಲೈ’. ಅದನ್ನು ಹಾಕಿದರೆ ಬೇರೆ ಚಿತ್ರಗಳು ಬರುತ್ತವೆ. ಊರಿನ ಹೆಸರಿನ ಹಳೇ ಕಾಗುಣಿತಗಳನ್ನೂ ಹಾಕಿ ನೋಡಬೇಕು.

ದೊಡ್ಡಪ್ಪ: ಮುಖಪುಟಕ್ಕೆ ಫೋಟೋವೇ ಬೇಡ ಅನ್ನುತ್ತೀಯಾ?

ನಾನು: ಅಯ್ಯೋ, ಇರಲಿ! ‘ಮಂಗಳೂರಿನ ನೇಕಾರರು’ ಅಂತಲೇ ಹಾಕೋಣ. ಚಿತ್ರದ ಗುರುತು ಸಂಖ್ಯೆಯೂ ಇರಲಿ. ಅಚ್ಚು ಹಾಕಲು ಆರ್ಕೈವ್ಸ್‌ನವರ ಒಪ್ಪಿಗೆ ಕೇಳಿ ನಾನೇ ಇವತ್ತು ಮೇಲ್ ಬರೆಯುತ್ತೇನೆ.

ಚಿಕ್ಕಪ್ಪ: ಸರಿ. ಟ್ರೀಗೆ ಸದ್ಯ ಹಾಕುವುದಿಲ್ಲ.

ದೊಡ್ಡಪ್ಪ: ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರ್ ಹತ್ತಿರ ರಿಜಿಸ್ಟರ್ ಕೇಳುತ್ತೇನೆ. ಆದರೂ ಆ ಕಿವಿ ನಮ್ಮ ಮನೆಯದ್ದೇ.

ಅತ್ತೆ: ಅಣ್ಣ, ನಿನ್ನ ಕಿವಿ ಅಪ್ಪನ ಕಡೆಯದ್ದಲ್ಲ. ಉಡುಪಿ ಮಾವಂದಿರನ್ನು ನೆನಪು ಮಾಡಿಕೋ. ಅದು ಅಮ್ಮನ ಕಡೆಯಿಂದ ಬಂದದ್ದು.