ದೇಶ ಮತ್ತು ಭಾಷೆಯ ಜೋಡಿಗಳಿರುವ ಸಂಬಂಧ ಪ್ರಶ್ನೆಗಳನ್ನು ಬಿಡಿಸುವುದು ಹೇಗೆ?

ಪ್ರಶ್ನೆ:
ಮೊದಲೆರಡು ಪದಗಳಿಗಿರುವ ಸಂಬಂಧದಂತೆ ಮೂರನೆಯ ಪದಕ್ಕೆ ಹೊಂದುವ ಪದವನ್ನು ಆರಿಸುವ ಪ್ರಶ್ನೆಗಳಲ್ಲಿ ದೇಶ–ಭಾಷೆಯ ಜೋಡಿಗಳು ನನಗೆ ಕಗ್ಗಂಟಾಗಿವೆ. ‘ಜಪಾನ್ : ಜಪಾನಿ :: ಗ್ರೀಸ್ : ?’ ಎಂಬಂಥವು ಸುಲಭ. ಆದರೆ ‘ಬ್ರೆಜಿಲ್ : ಪೋರ್ಚುಗೀಸ್ :: ಸುರಿನಾಮ್ : ?’ ಎಂದು ಕೇಳಿ ಸ್ಪ್ಯಾನಿಷ್, ಇಂಗ್ಲಿಷ್, ಫ್ರೆಂಚ್, ಡಚ್ ಎಂಬ ಆಯ್ಕೆಗಳನ್ನು ಕೊಟ್ಟರೆ ಊಹೆಯೇ ಗತಿಯಾಗುತ್ತದೆ. ಎಲ್ಲ ದೇಶಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದೊಂದೇ ದಾರಿಯೇ? ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1:
ಉತ್ತರ ಡಚ್. ಬಾಯಿಪಾಠಕ್ಕೆ ಕೈಹಾಕುವ ಮೊದಲು, ಕೊಟ್ಟಿರುವ ಜೋಡಿಯ ಸಂಬಂಧವನ್ನು ಪೂರ್ಣ ವಾಕ್ಯವಾಗಿ ಹೇಳಿಕೊಳ್ಳಿ. ‘ಬ್ರೆಜಿಲ್‌ನ ಭಾಷೆ ಪೋರ್ಚುಗೀಸ್’ ಎಂದರೆ ಸಾಲದು. ‘ಬ್ರೆಜಿಲನ್ನು ಆಳಿದವರ ಭಾಷೆಯೇ ಇಂದಿಗೂ ಅಲ್ಲಿನ ಅಧಿಕೃತ ಭಾಷೆ’ ಎಂದುಕೊಂಡರೆ, ಸುರಿನಾಮನ್ನು ಆಳಿದವರು ಯಾರು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆ ದೇಶ ನೆದರ್ಲೆಂಡ್ಸ್‌ನಿಂದ ಸ್ವತಂತ್ರವಾದದ್ದು 1975ರಲ್ಲಿ. ಉಳಿದ ಆಯ್ಕೆಗಳನ್ನೂ ಸುಮ್ಮನೆ ಇಟ್ಟಿಲ್ಲ: ಪಶ್ಚಿಮಕ್ಕಿರುವ ಗಯಾನದ ಅಧಿಕೃತ ಭಾಷೆ ಇಂಗ್ಲಿಷ್, ಪೂರ್ವಕ್ಕಿರುವ ಫ್ರೆಂಚ್ ಗಯಾನದ್ದು ಫ್ರೆಂಚ್, ಇವೆಲ್ಲ ಇರುವ ದಕ್ಷಿಣ ಅಮೆರಿಕ ಖಂಡದ ಹೆಚ್ಚಿನ ದೇಶಗಳಲ್ಲಿ ಸ್ಪ್ಯಾನಿಷ್. ಭೂಪಟವನ್ನು ಅರೆಬರೆ ನೆನಪಿಟ್ಟುಕೊಂಡವರು ಎಡವಲೆಂದೇ ಅವುಗಳನ್ನು ಹೆಣೆದಂತಿದೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ವಿಷಯಜ್ಞಾನವಿಲ್ಲದೆ ತರ್ಕವೊಂದೇ ದಡ ಸೇರಿಸುವುದಿಲ್ಲ. ಪಟ್ಟಿಯನ್ನು ಅಕಾರಾದಿಯಾಗಿ ಓದುವ ಬದಲು, ಆಳಿದ ದೇಶದ ಹೆಸರಿನಡಿ ಗುಂಪು ಮಾಡಿಕೊಂಡು ಓದಿ. ಅಂಗೋಲ, ಮೊಜಾಂಬಿಕ್ ಎರಡೂ ಪೋರ್ಚುಗೀಸ್ ಗುಂಪಿಗೆ ಸೇರುತ್ತವೆ; ಆಫ್ರಿಕಾದಲ್ಲಿದ್ದರೂ ಈಕ್ವಟೋರಿಯಲ್ ಗಿನಿ ಸ್ಪ್ಯಾನಿಷ್ ಗುಂಪಿನದು. ಆಸ್ಟ್ರಿಯ–ಜರ್ಮನ್, ಇರಾನ್–ಪರ್ಷಿಯನ್ ಮುಂತಾದವು ಈ ಚೌಕಟ್ಟಿಗೆ ಒಗ್ಗುವುದಿಲ್ಲವಾದ್ದರಿಂದ ಅವನ್ನು ಬೇರೆಯಾಗಿಯೇ ಕಲಿಯಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದೇ ದೇಶಕ್ಕೆ ಎರಡು ಅಧಿಕೃತ ಭಾಷೆಗಳಿದ್ದು, ಎರಡೂ ಆಯ್ಕೆಗಳಲ್ಲಿದ್ದರೆ ಯಾವುದನ್ನು ಗುರುತು ಮಾಡಬೇಕು?

ಉತ್ತರ 1:
ಅಲ್ಲಿಯೂ ಮೊದಲ ಜೋಡಿಯೇ ತೀರ್ಪು ಕೊಡುತ್ತದೆ. ಪರಾಗ್ವೆಯನ್ನೇ ನೋಡಿ: 1992ರ ಸಂವಿಧಾನದ ಪ್ರಕಾರ ಸ್ಪ್ಯಾನಿಷ್ ಮತ್ತು ಗ್ವಾರಾನಿ ಎರಡೂ ಅಲ್ಲಿನ ಅಧಿಕೃತ ಭಾಷೆಗಳು. ‘ಬ್ರೆಜಿಲ್ : ಪೋರ್ಚುಗೀಸ್ :: ಪರಾಗ್ವೆ : ?’ ಎಂದಿದ್ದರೆ ಸ್ಪ್ಯಾನಿಷ್ ಸರಿ. ‘ಪೆರು : ಕ್ವೆಚುವಾ :: ಪರಾಗ್ವೆ : ?’ ಎಂದಿದ್ದರೆ, ಕ್ವೆಚುವಾ ಆ ನೆಲದ ಮೂಲನಿವಾಸಿಗಳ ಭಾಷೆಯಾದ್ದರಿಂದ ಗ್ವಾರಾನಿಯನ್ನೇ ಆರಿಸಬೇಕು. ಆದರೆ ‘ಫ್ರಾನ್ಸ್ : ಫ್ರೆಂಚ್ :: ಬೆಲ್ಜಿಯಂ : ?’ ಎಂದು ಕೇಳಿ ಡಚ್, ಜರ್ಮನ್ ಎರಡನ್ನೂ ಆಯ್ಕೆಯಲ್ಲಿ ಕೊಟ್ಟಿದ್ದರೆ, ಎರಡೂ ಅಲ್ಲಿ ಅಧಿಕೃತವಾಗಿರುವುದರಿಂದ ಅದು ಪ್ರಶ್ನೆಯದೇ ದೋಷ. ಅಂಥದಕ್ಕೆ ಆಕ್ಷೇಪಣೆ ಸಲ್ಲಿಸುವುದೇ ಸರಿಯಾದ ಕ್ರಮ.