ಪ್ರಾರ್ಥನಾ ಬಳಗ ಮತ್ತು ಕಾಲೋನಿಯ ಸ್ಮಶಾನ: ಮುಂದಾಳು ಎಲ್ಲಿ ನಿಲ್ಲಬೇಕು?

ಮಧುಗಿರಿ ಬಳಗ:
ಶರಣು ಶರಣಾರ್ಥಿ. ಮಧುಗಿರಿ ತಾಲ್ಲೂಕಿನಲ್ಲಿ ನಮ್ಮದೊಂದು ಬಸವತತ್ವದ ಬಳಗ, ಸುಮಾರು 60 ಜನ. ಪ್ರತಿ ಸೋಮವಾರ ಸಂಜೆ ಸಾಮೂಹಿಕ ಪ್ರಾರ್ಥನೆ, ವಚನ ಚಿಂತನೆ, ತಿಂಗಳಿಗೊಮ್ಮೆ ದಾಸೋಹ. ಯಾವ ಜಾತಿಯವರು ಬಂದ್ರೂ ಜೊತೇಲಿ ಕೂರ್ತೀವಿ. ಪಕ್ಕದ ದಲಿತರ ಕಾಲೋನಿಯವರಿಗೆ ಹೆಣ ಹೂಳೋಕೆ ಜಾಗ ಇಲ್ಲ. ಕೆರೆ ಅಂಗಳದಲ್ಲಿ ಹೂಳ್ತಾರೆ, ಕೆರೆ ತುಂಬಿದ ವರ್ಷ ಅದೂ ಇಲ್ಲ. ಬಳಗದಲ್ಲಿ ಕೆಲವರು "ಅವರ ಜೊತೆ ನಿಲ್ಲಬೇಕು" ಅಂತಾರೆ, ಕೆಲವರು "ಪ್ರಾರ್ಥನೆ ಜಾಗಕ್ಕೆ ರಾಜಕೀಯ ತರಬೇಡಿ" ಅಂತಾರೆ. ಅನುಭಾವ ನಡೆಸಿಕೊಡೋ ಅಕ್ಕನವರೇ ನಮ್ಮ ಮುಂದಾಳು. ಅವರ ಪಾತ್ರ ಏನು, ಎಲ್ಲಿಂದ ಶುರು ಮಾಡೋದು?

ಗುಬ್ಬಿ ಓದುಗ:
ಅರ್ಜಿಗೆ ಮುಂಚೆ ನಿಮ್ಮ ದಾಸೋಹದ ಒಲೆ ಕಡೆ ನೋಡಿ. 100 ಜನಕ್ಕೆ 10-12 ಕೆಜಿ ರಾಗಿ ಹಿಟ್ಟು, ತೊಳಸೋಕೆ ಇಬ್ಬರು, ಮುದ್ದೆ ಕಟ್ಟೋಕೆ ನಾಲ್ವರು ಬೇಕು. ಆ ಆರು ಜನರಲ್ಲಿ ಕಾಲೋನಿಯವರು ಎಷ್ಟು? ಅವರು ಬಂದು ಉಂಡು ಹೋಗೋದಷ್ಟೇ ಆಗಿದ್ರೆ ಕೆಲಸ ಇನ್ನೂ ಒಳಗೇ ಬಾಕಿ ಇದೆ. ಅವರು ಮುದ್ದೆ ಕಟ್ಟಿದ ದಿನ ಯಾರು "ಇವತ್ತು ಉಪವಾಸ" ಅಂತ ಎದ್ದು ಹೋಗ್ತಾರೋ, ಅಕ್ಕನವರು ಮೊದಲು ಹೋಗಿ ಕೂತು ಮಾತಾಡಬೇಕಾದ್ದು ಅವರ ಮನೇಲಿ. ಸಭೇಲಿ ಹೆಸರು ಹಿಡಿದು ಹೇಳಿದ್ರೆ ಅವರು ಮತ್ತೆ ಬರಲ್ಲ.

ಕೈ ಎತ್ತಿಸಿ ಬಹುಮತ ಎಣಿಸಬೇಡಿ. 32 ಜನ ಈ ಕಡೆ, 28 ಜನ ಆ ಕಡೆ ಅಂತಾದ್ರೆ ಬಳಗ ಅಲ್ಲೇ ಸೀಳುತ್ತೆ. ಒಪ್ಪಿದವರನ್ನಷ್ಟೇ ಸೇರಿಸಿ 7 ಜನರ ತಂಡ ಮಾಡಿ, ಅದರಲ್ಲಿ ಕಾಲೋನಿಯವರು ನಾಲ್ವರಾದ್ರೂ ಇರಲಿ, ಹೆಂಗಸರು ಖಂಡಿತ ಇರಲಿ. ಉಳಿದವರಿಂದ ಕೇಳೋದು ಒಂದೇ: ಅಡ್ಡ ಬರಬೇಡಿ. ಚಿಂತನೆ ಮುಗಿದ ಮೇಲೆ 15 ನಿಮಿಷ ಕಾಲೋನಿಯವರೇ ಮಾತಾಡಲಿ. ಪ್ರಾರ್ಥನೆಯ ಹೊತ್ತಿಗೆ ಕತ್ತರಿ ಹಾಕಬೇಡಿ, ಜಗಳ ಬಂದ ದಿನ ಜನರನ್ನ ಒಟ್ಟಿಗೆ ಕೂರಿಸೋದು ಅದೇ.

ರಾಜಕೀಯದ ಮಾತು: ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯೋ 1988ರ ಕಾಯ್ದೆ ಇದೆ. ಪ್ರಾರ್ಥನಾ ಸ್ಥಳವನ್ನ ರಾಜಕೀಯ ಚಟುವಟಿಕೆಗೆ ಬಳಸೋಹಾಗಿಲ್ಲ. ಸ್ಮಶಾನದ ಅರ್ಜಿ ಪಕ್ಷ ರಾಜಕೀಯ ಅಲ್ಲ. ಆದ್ರೆ ಶಾಸಕರನ್ನ ಕರೆಸಿ ನಿಮ್ಮ ಮಂಟಪದಲ್ಲಿ ಶಾಲು ಹೊದಿಸಬೇಡಿ, ಅವರ ಕಚೇರಿಗೇ ಹೋಗಿ. ಇನ್ನು ಧರ್ಮಕ್ಕೂ ಇದಕ್ಕೂ ಏನು ಸಂಬಂಧ ಅನ್ನೋರಿಗೆ ಬಸವಣ್ಣನವರ ಕಾಲದ ಶರಣರು, ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಯನ್ನ ಒಂದು ಸೋಮವಾರದ ಚಿಂತನೆಗೆ ಇಡಿ. ಕಲ್ಯಾಣದಲ್ಲಿ ಆ ಬೀಗತನಕ್ಕೆ ತೆತ್ತ ಬೆಲೆ ಎಲ್ಲರಿಗೂ ಗೊತ್ತು.

ಕೋಲಾರ ಭೂದಾಖಲೆ:
ಜಾಗದ ವಿಚಾರ. ಕೆರೆ ಅಂಗಳವನ್ನೇ ಮಂಜೂರು ಮಾಡಿ ಅಂತ ಬರೆಯಬೇಡಿ, ಆಗಲ್ಲ. ಭೂಮಿ ತಂತ್ರಾಂಶದಲ್ಲಿ ಊರಿನ ಸರ್ಕಾರಿ ಸರ್ವೆ ನಂಬರುಗಳ ಪಹಣಿ ತೆಗೆಸಿ, ಗ್ರಾಮ ನಕ್ಷೆ ನೋಡಿ. ಗೋಮಾಳ ಆದ್ರೆ 100 ಜಾನುವಾರಿಗೆ 12 ಹೆಕ್ಟೇರ್, ಅಂದ್ರೆ ಸುಮಾರು 30 ಎಕರೆ ಉಳೀಬೇಕು ಅನ್ನೋ ನಿಯಮ ಇದೆ. ಕಡತಗಳು ಹೆಚ್ಚಾಗಿ ನಿಲ್ಲೋದು ಇಲ್ಲೇ. ಆದ್ದರಿಂದ ಜಾನುವಾರು ಲೆಕ್ಕ ಮೊದಲೇ ಪಡೆದುಕೊಳ್ಳಿ. ಗ್ರಾಮಸಭೆಯ ಠರಾವು, ನಕ್ಷೆಯ ಪ್ರತಿ ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಸಾರ್ವಜನಿಕ ಉದ್ದೇಶಕ್ಕೆ ಜಾಗ ಕಾಯ್ದಿರಿಸಬಹುದು. ಸಹಿಗಳು ಕಾಲೋನಿಯವರದ್ದೇ ಇರಲಿ. ಬಳಗದ ಲೆಟರ್‌ಹೆಡ್‌ನಲ್ಲಿ ಹೋದ್ರೆ ನಾಳೆ ಮುಂದಾಳು ಬದಲಾದಾಗ ಕಡತದ ಹಿಂದೆ ಓಡಾಡೋರು ಇರಲ್ಲ. ಸ್ವೀಕೃತಿ ಇಲ್ಲದೆ ಟೇಬಲ್ ಬಿಟ್ಟು ಏಳಬೇಡಿ. ಕಡತ ಕದಲದಿದ್ರೆ ಮಾಹಿತಿ ಹಕ್ಕಿನ ಅರ್ಜಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ.

ಇಷ್ಟೆಲ್ಲ ಬರೆದ ಮೇಲೂ ಒಂದು ಪ್ರಶ್ನೆ ಉಳೀತು. ಬಳಗದಲ್ಲಿ ಹೂಳೋ ಪದ್ಧತಿಯವರೇ ಹೆಚ್ಚಿರಬೇಕು. ನಿಮ್ಮ ರುದ್ರಭೂಮಿ ಎಲ್ಲಿದೆ? ಅದರ ಪಹಣಿ ನೋಡಿದ್ದೀರಾ?

ಮಧುಗಿರಿ ಬಳಗ:
ಈಗ ನೋಡಿದ್ವಿ ಸರ್. ಸರ್ಕಾರಿ ಜಾಗ, "ಸ್ಮಶಾನ" ಅಂತಷ್ಟೇ ಇದೆ. ಯಾವ ಜಾತಿ ಹೆಸರೂ ಇಲ್ಲ.

ಚಿಂತಾಮಣಿ ವಕೀಲರು:
ಹಾಗಿದ್ರೆ ಅದು ಇಡೀ ಊರಿನದು. ಕಾಲೋನಿಯವರನ್ನ ಅಲ್ಲಿಂದ ದೂರ ಇಡೋದು ರೂಢಿ ಅಷ್ಟೇ ಅಲ್ಲ, ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿ 2016ರ ಜನವರಿಯಲ್ಲಿ ಜಾರಿಗೆ ಬಂತು. ಪರಿಶಿಷ್ಟರು ಸ್ಮಶಾನವನ್ನ ಇತರರ ಸಮಾನವಾಗಿ ಬಳಸೋದನ್ನ ತಡೆಯೋದು ಅದರಲ್ಲಿ ಸ್ಪಷ್ಟವಾಗಿ ಸೇರಿದೆ. ನೀವು ಹೊಸ ಜಾಗ ಕೊಡಿಸೋಕೆ ಹೊರಟಿದ್ರಿ, ಹಳೇ ಜಾಗದ ಗೇಟು ಮುಚ್ಚಿದವರಲ್ಲಿ ನಿಮ್ಮವರೂ ಇರಬಹುದು. ಅಕ್ಕನವರು ಅನುಭಾವದಲ್ಲಿ ಎತ್ತಬೇಕಾದ ಮಾತು ಇದೇ.

ಆದ್ರೆ ತೀರ್ಮಾನ ಕಾಲೋನಿಯದು. ಊರ ಸ್ಮಶಾನವೇ ಬೇಕು ಅನ್ನಬಹುದು, ಹಿರಿಯರನ್ನ ಹೂತ ಜಾಗದ ಹತ್ರವೇ, ಕೆರೆ ಅಂಗಳದ ಹೊರಗೆ ಎತ್ತರದ ಜಾಗ ಬೇಕು ಅನ್ನಬಹುದು, ಎರಡೂ ಕೇಳಬಹುದು. ನೀವಿಲ್ಲದೆ ಅವರಷ್ಟೇ ಕೂತು ಮಾತಾಡಿಕೊಳ್ಳಲಿ. ಊರ ಸ್ಮಶಾನ ಅಂತಾದ್ರೆ ಸಾವಾದ ದಿನದವರೆಗೆ ಕಾಯಬೇಡಿ. ದುಃಖದ ಮನೆ ಮುಂದೆ ಗಲಾಟೆ ಎದ್ರೆ ಆ ಕುಟುಂಬವೇ ಹಿಂದೆ ಸರಿಯುತ್ತೆ. ಮೊದಲೇ ತಹಶೀಲ್ದಾರರಿಗೂ ಡಿವೈಎಸ್ಪಿಗೂ ಲಿಖಿತವಾಗಿ ತಿಳಿಸಿ, ಪ್ರತಿ ಮೇಲೆ ಸೀಲು ಹಾಕಿಸಿ.

ತಡೆದ್ರೆ ದೂರು ಕೊಡಿ. ಈ ಕಾಯ್ದೆಯಡಿ ಎಫ್ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ, ತನಿಖೆ ಡಿವೈಎಸ್ಪಿ ದರ್ಜೆಯವರದ್ದು. ಠಾಣೇಲಿ ತಗೊಳ್ಳದಿದ್ರೆ ಸಹಾಯವಾಣಿ 14566. ಪರಿಶಿಷ್ಟರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವೂ ಉಂಟು, 15100ಕ್ಕೆ ಕರೆ ಮಾಡಿ. ಅಂಗಡೀಲಿ ಸಾಮಾನು ಕೊಡಲ್ಲ, ಕೂಲಿಗೆ ಕರೆಯಲ್ಲ ಅಂತ ಶುರುವಾದ್ರೆ ಅದೂ ಇದೇ ಕಾಯ್ದೆಯ ಕೆಳಗೆ ಬರುತ್ತೆ. ದಿನಾಂಕ, ಅಂಗಡಿ, ಆಡಿದ ಮಾತು ಅವತ್ತೇ ಬರೆದಿಡಿ.

ಆಗ ಊರಿನ ಯಜಮಾನರು ಅಕ್ಕನವರ ಹತ್ರ ಬಂದು "ಎಲ್ರೂ ನಿಮ್ಮ ಮಾತು ಕೇಳ್ತಾರೆ, ರಾಜಿ ಮಾಡಿಸಿ" ಅಂತಾರೆ. ದಯವಿಟ್ಟು ಮಾಡಿಸಬೇಡಿ. ದೂರು ಕೊಟ್ಟವರ ಮೇಲೆ ಗುರುವಿನ ಮಾತಿನ ಭಾರ ಹಾಕೋದು ದೊಡ್ಡ ಅನ್ಯಾಯ. ಅಕ್ಕನವರು ಯಜಮಾನರ ಮನೆಗೆ ಹೋಗಬಹುದು, "ತಡೆಯಬೇಡಿ" ಅನ್ನಬಹುದು, "ದೂರು ವಾಪಸ್ ತಗೊಳ್ಳಿ" ಅಂತ ಕಾಲೋನಿಗೆ ಹೋಗಕೂಡದು.

ಗುಬ್ಬಿ ಓದುಗ:
ವಕೀಲರ ಮಾತು ಸರಿ. ಅಂಗಡಿ ಮುಚ್ಚಿದ್ರೆ ದಾಸೋಹದ ಅಕ್ಕಿ, ಬೇಳೆ ಕೊಡೋ ಮನಸ್ಸಾಗುತ್ತೆ. ಕೊಡಿ, ಆದ್ರೆ ದಾಸೋಹದ ಹಣ, ಈ ಕೆಲಸದ ಹಣ ಬೇರೆ ಬೇರೆ ಪುಸ್ತಕದಲ್ಲಿರಲಿ, ಎರಡನೆಯದಕ್ಕೆ ಕಾಲೋನಿಯವರದ್ದೂ ಒಂದು ಸಹಿ ಇರಲಿ.

ಚಿಂತಾಮಣಿ ವಕೀಲರು:
ಬಿಟ್ಟುಹೋಗಿದ್ದ ಇನ್ನೊಂದು ವಿಷಯ. ನಿಮ್ಮವರು ತೀರಿಕೊಂಡಾಗ ಗುಂಡಿ ತೋಡೋರು ಯಾರು? ಕಾಲೋನಿಗೆ ಹೇಳಿ ಕಳಿಸೋ ರೂಢಿ ಇದ್ರೆ ಇವತ್ತೇ ನಿಲ್ಲಿಸಿ. ಪರಿಶಿಷ್ಟರಿಂದ ಗುಂಡಿ ತೋಡಿಸೋದೂ ಇದೇ ಕಾಯ್ದೆಯಲ್ಲಿ ಅಪರಾಧ. ಗುದ್ದಲಿ, ಹಾರೆ, ಬಾಣಲಿ ಬಳಗದಲ್ಲೇ ಇಟ್ಟುಕೊಳ್ಳಿ, ಸರದಿ ಪಟ್ಟಿ ಮಾಡಿ ನೀವೇ ತೋಡಿ.