ಪುಸ್ತಕ ಕಿತ್ತಿಡಬೇಡಿ, ಅತ್ತಿಗೆ

ಅತ್ತಿಗೆ, ಇಯರ್‌ಫೋನ್ ಹಾಕಿಕೊಂಡು ಕೇಳಿ, ಪುಟ್ಟಿಯ ಕಿವಿಗೆ ಬೀಳಬಾರದು. ಕಥೆಯ ಗುಟ್ಟು ಒಂದಿಷ್ಟು ಬಿಡಬೇಕಾಗುತ್ತದೆ. ರಜೆ ಶುರುವಾದಾಗಿನಿಂದ ಅವಳು ‘ದಿ ಔಟ್‌ಸೈಡರ್ಸ್’ ಕಾದಂಬರಿ ಹಿಡಿದು ಕುಳಿತಿದ್ದಾಳೆ, ಅದರಲ್ಲಿ ಚಾಕು, ಹೊಡೆದಾಟ, ಸಾವು ಎಲ್ಲವೂ ಇದೆಯಂತೆ, ಕಿತ್ತಿಡಲೇ ಎಂದು ಮನೆಯವರ ಗ್ರೂಪ್‌ನಲ್ಲಿ ಕೇಳಿದ್ದೀರಿ. ಅದರ ಕೆಳಗೇ ಅಣ್ಣ, ಓದಿಕೊಳ್ಳಲಿ, ಆದರೆ ಅಧ್ಯಾಯಕ್ಕೊಂದು ಪುಟ ಸಾರಾಂಶ ಬರೆಸು ಎಂದು ತೀರ್ಪು ಕೊಟ್ಟಿದ್ದಾನೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ನೀವು ಕೇಳಿದ್ದು ಸುಳ್ಳಲ್ಲ. ಅಮೆರಿಕದ ಕೆಲವು ಶಾಲೆಗಳಲ್ಲಿ ಇದನ್ನು ತೆಗೆದುಹಾಕಿ ಎಂಬ ಗಲಾಟೆಯೂ ಆಗಿದೆ, ಬೇರೆ ಎಷ್ಟೋ ಶಾಲೆಗಳಲ್ಲಿ ಇದು ಪಾಠವೂ ಆಗಿದೆ. ಬರೆದವಳು ಎಸ್. ಇ. ಹಿಂಟನ್. ಬರೆಯತೊಡಗಿದಾಗ ಅವಳಿಗೆ 15 ವರ್ಷ, 1967ರಲ್ಲಿ ಪುಸ್ತಕ ಅಚ್ಚಾದಾಗ 18. ಹುಡುಗರ ಬೀದಿ ಜಗಳವನ್ನು ಹುಡುಗಿಯೊಬ್ಬಳು ಬರೆದಿದ್ದಾಳೆಂದರೆ ವಿಮರ್ಶಕರು ಮೂಗು ಮುರಿದಾರೆಂದು ಪ್ರಕಾಶಕರು ಪೂರ್ತಿ ಹೆಸರಿನ ಬದಲು ಬರೀ ಇನಿಷಿಯಲ್ ಹಾಕಿಸಿದರು. ತನ್ನ ವಯಸ್ಸಿನವರಿಗೆಂದು ಬರುತ್ತಿದ್ದ ಪುಸ್ತಕಗಳಲ್ಲಿ ತನ್ನ ಶಾಲೆಯಲ್ಲಿ ಕಣ್ಣಾರೆ ಕಂಡದ್ದು ಒಂದೂ ಇಲ್ಲವಲ್ಲ ಎಂಬ ಸಿಟ್ಟಿಗೆ ಬರೆದದ್ದು ಅದು. ಗ್ರೀಸರ್‌ಗಳು ಎಂದು ಕರೆಸಿಕೊಳ್ಳುವ ಬಡವರ ಮನೆಯ ಹುಡುಗರ ಗುಂಪು ಒಂದು ಕಡೆ, ಕಾರಿನಲ್ಲಿ ತಿರುಗುವ ಸಿರಿವಂತರ ಮಕ್ಕಳು ಇನ್ನೊಂದು ಕಡೆ. ದೊಡ್ಡ ಹೊಡೆದಾಟದಲ್ಲಿ ಗ್ರೀಸರ್‌ಗಳು ಗೆಲ್ಲುತ್ತಾರೆ, ಅದೇ ರಾತ್ರಿ ತಮ್ಮವರಲ್ಲೇ ಇಬ್ಬರನ್ನು ಕಳೆದುಕೊಳ್ಳುತ್ತಾರೆ. ಹೊಡೆದಾಟದ ಆಸೆ ಹುಟ್ಟಿಸುವ ಪುಸ್ತಕ ಹೀಗಿರುವುದಿಲ್ಲ.

ಆದರೆ ನಾನು ಹೇಳಹೊರಟಿದ್ದು ಚಾಕುವಿನ ವಿಷಯವಲ್ಲ, ಡ್ಯಾರಿಯ ವಿಷಯ. ಕಥೆ ಹೇಳುವ ಪೋನಿಬಾಯ್‌ಗೆ 14 ವರ್ಷ. ಅಪ್ಪ ಅಮ್ಮ ಕಾರು ಅಪಘಾತದಲ್ಲಿ ತೀರಿಕೊಂಡಿದ್ದಾರೆ, ಮನೆ ನಡೆಸುವವನು ಇಪ್ಪತ್ತರ ದೊಡ್ಡಣ್ಣ ಡ್ಯಾರಿ. ಕಾಲೇಜಿನ ಆಸೆ ಬಿಟ್ಟು ಮನೆಗಳ ಚಾವಣಿ ಕೆಲಸಕ್ಕೆ ಹೋಗುತ್ತಾನೆ. ತಡವೇಕೆ, ಎಲ್ಲಿದ್ದೆ, ಬುದ್ಧಿ ಎಲ್ಲಿಟ್ಟೆ ಎಂದು ತಮ್ಮನನ್ನು ಗದರುತ್ತಲೇ ಇರುತ್ತಾನೆ. ಇವನಿಗೆ ನನ್ನನ್ನು ಕಂಡರಾಗದು ಎಂದೇ ಹುಡುಗ ನಂಬಿದ್ದಾನೆ. ದೊಡ್ಡವರು ತಮ್ಮ ಬಾಲ್ಯ ನೆನೆದು ಬರೆದಿದ್ದರೆ ಮೊದಲ ಪುಟದಲ್ಲೇ ‘ಅಣ್ಣನ ಪ್ರೀತಿ ಆಗ ನನಗೆ ತಿಳಿದಿರಲಿಲ್ಲ’ ಎಂದು ಒಂದು ನಿಟ್ಟುಸಿರು ಬಿಟ್ಟಿರುತ್ತಿದ್ದರು. ಇಲ್ಲಿ ಹಾಗಿಲ್ಲ. ಹುಡುಗನಿಗೆ ಎಷ್ಟು ಗೊತ್ತೋ ಓದುವವರಿಗೂ ಅಷ್ಟೇ ಗೊತ್ತು. ಒಂದು ರಾತ್ರಿ ಡ್ಯಾರಿಯ ಕೈ ಎದ್ದುಬಿಡುತ್ತದೆ, ತಮ್ಮ ಮನೆ ಬಿಟ್ಟು ಓಡುತ್ತಾನೆ, ಮುಂದಿನ ಅನಾಹುತಕ್ಕೆಲ್ಲ ಅಲ್ಲಿಂದಲೇ ಶುರು.

ಪುಟ್ಟಿ ಓದುವಾಗ ಪೋನಿಬಾಯ್ ಪಕ್ಷ ವಹಿಸುತ್ತಾಳೆ, ಬರೆದಿಟ್ಟುಕೊಳ್ಳಿ. ನೀವು ಓದಿದರೆ ನಿಮ್ಮ ಜೀವ ಡ್ಯಾರಿಗಾಗಿ ಮರುಗುತ್ತದೆ. ಒಂದೇ ಮನೆಯಲ್ಲಿ ಒಂದೇ ಪುಸ್ತಕವನ್ನು ಇಬ್ಬರು ಎರಡು ಕಡೆಯಿಂದ ಓದುವ ಅವಕಾಶ ಪಠ್ಯಪುಸ್ತಕದಲ್ಲಿ ಎಲ್ಲಿ ಸಿಗಬೇಕು? ಅದಕ್ಕೇ ನೀವೂ ಓದಿ ಎನ್ನುವುದು. ಅವಳು ಮಲಗಿದ ಮೇಲೆ ಓದಿ, ಅವಳ ಪುಟದ ಗುರುತು ಮಾತ್ರ ಅಲುಗಿಸಬೇಡಿ.

ಅಣ್ಣ, ಸಾರಾಂಶದ ಯೋಚನೆ ಬಿಡು. ರಜೆಯನ್ನೂ ಪರೀಕ್ಷೆ ಮಾಡಿಟ್ಟರೆ ಅವಳು 12 ಅಧ್ಯಾಯ ಮುಗಿಸುವುದು ಹಾಗಿರಲಿ, ಮುಂದಿನ ರಜೆಗೆ ಪುಸ್ತಕವನ್ನೇ ಮುಟ್ಟುವುದಿಲ್ಲ. ನೀತಿ ಏನೆಂದು ಕೇಳಲೂ ಹೋಗಬೇಡ. ಪೂರ್ತಿ ಓದಿಯಾದ ಮೇಲೆ, ಡ್ಯಾರಿ ಅಷ್ಟು ಗದರಬೇಕಿತ್ತೇ ಎಂದು ಒಂದು ಮಾತು ತೆಗೆ. ಅವಳು ಬೈದರೆ ಬೈಸಿಕೊ, ಅದು ಡ್ಯಾರಿಗೆ ಬೀಳುವ ಬೈಗುಳ. (ಎಲ್ಲವೂ ಡ್ಯಾರಿಗೇ ಎಂದು ನಾನೇನೂ ಭರವಸೆ ಕೊಡುವುದಿಲ್ಲ.)

ಒಂಬತ್ತು, ಹತ್ತನೆಯ ಅಧ್ಯಾಯ ಭಾರವಾಗಿವೆ. ಆ ಹೊತ್ತಿಗೆ ಅವಳು ಮಂಕಾಗಿ ಕಂಡರೆ ಕೆಣಕಬೇಡಿ, ಹತ್ತಿರ ಇರಿ ಸಾಕು. ಅತ್ತಿಗೆ, ನೀವು ಸದ್ಯಕ್ಕೆ ಆರನೆಯ ಅಧ್ಯಾಯದ ಕೊನೆಯವರೆಗೆ ಓದಿ, ಆಸ್ಪತ್ರೆಯಲ್ಲಿ ಅಣ್ಣ ತಮ್ಮ ಎದುರಾಗುವವರೆಗೆ. ಆಮೇಲೂ ಕಿತ್ತಿಡಬೇಕೆನಿಸಿದರೆ ನನಗೆ ಫೋನ್ ಮಾಡಿ, ಜಗಳ ಮಾಡೋಣ.